ಕ್ವಾರ್ಟರ್‌ಬ್ಯಾಕ್‌ಗೆ ಸನ್ಮಾನ

ಕುವೈತಿನ ಕರಾವಳಿ ಸಂಘದವರಿಗೆ ಯಾರಿಗಾದರೂ ಶಾಲು ಹೊದೆಸದಿದ್ದರೆ ತಿಂದದ್ದು ಕರಗುವುದಿಲ್ಲ. ಡ್ರೈವಿಂಗ್ ಲೈಸೆನ್ಸ್ ಸಿಕ್ಕಿದವನಿಗೂ ಒಮ್ಮೆ ಹೊದೆಸಿದ್ದರು. ಶಾಲು, ಮೈಸೂರು ಪೇಟ, ಹಣ್ಣಿನ ಬುಟ್ಟಿ, ಹೆಸರು ತಪ್ಪಾಗಿ ಕೆತ್ತಿದ ಫಲಕ. ಇಷ್ಟು ಸಿದ್ಧವಾದ ಮೇಲೆ ತಲೆ ಹುಡುಕುತ್ತಾರೆ. 2012ರ ಚಳಿಗಾಲದಲ್ಲಿ ಅವರಿಗೆ ಸಿಕ್ಕಿದ ತಲೆ ಆನ್ಸನ್‌ನದು.

ಆನ್ಸನ್, ಮಗ್ದಲೀನ್ ಮತ್ತು ಕೊನ್ರಾಡರ ಒಬ್ಬನೇ ಮಗ. ಅವನು ಓದುತ್ತಿದ್ದ ಖಾಸಗಿ ಕಾಲೇಜಿನಲ್ಲಿ ಅಮೆರಿಕದ ಕೋಚ್ ಒಬ್ಬ ತನ್ನ ದೇಶದ ಫುಟ್‌ಬಾಲ್ ತಂಡ ಕಟ್ಟಿದ್ದ. ಹೆಲ್ಮೆಟ್ ಹಾಕಿಕೊಂಡು, ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಎಸೆದು, ಹಿಡಿದವನ ಮೇಲೆ ಎಲ್ಲರೂ ಬೀಳುವ ಆಟ. ಚೆಂಡು ಯಾರಿಗೆ ಹೋಗಬೇಕೆಂದು ನಿರ್ಧರಿಸಿ ಎಸೆಯುವವನೇ ಕ್ವಾರ್ಟರ್‌ಬ್ಯಾಕ್. ಮೊದಲ ವರ್ಷ ಆನ್ಸನ್ ಬೆಂಚು ಕಾದ. ಎರಡನೆಯ ವರ್ಷ, ಆ ಜಾಗದಲ್ಲಿದ್ದ ಹುಡುಗನ ಮನೆಯವರು ಕೆನಡಾಕ್ಕೆ ಹೊರಟುಹೋದುದರಿಂದ ಅವನಿಗೆ ಬಡ್ತಿ ಸಿಕ್ಕಿತು. ಆ ವರ್ಷದ ಟೂರ್ನಮೆಂಟಿನಲ್ಲಿದ್ದ ತಂಡಗಳು ನಾಲ್ಕು. ಅವುಗಳಲ್ಲಿ ಎರಡು, ಹೊಟ್ಟೆ ಬಂದ ಆಫೀಸಿನವರದು. ಆ ಟೂರ್ನಮೆಂಟ್ ಗೆದ್ದದ್ದೇ ತಡ, ಕೊನ್ರಾಡ್ ಊರಿಗೆಲ್ಲ ಫೋನು ಹಚ್ಚಿ ಮಗ ಗಲ್ಫ್ ಚಾಂಪಿಯನ್ ಎಂದ.

"ಆ ಆಟದಲ್ಲಿ ಗೋಲಿಗೆ ಎಷ್ಟು ಪಾಯಿಂಟ್ ಹೇಳಿ ನೋಡುವಾ," ಎಂದು ಮಗ್ದಲೀನ್ ಒಮ್ಮೆ ಕೇಳಿದ್ದಳು.

"ಅದೆಲ್ಲ ನಿನಗೆ ಅರ್ಥ ಆಗ್ಲಿಕ್ಕಿಲ್ಲ," ಎಂದಿದ್ದ ಕೊನ್ರಾಡ್.

ಮಗ್ದಲೀನ್ ಜಾಬ್ರಿಯಾದ ಆಸ್ಪತ್ರೆಯೊಂದರ ಮೂಳೆ ವಿಭಾಗದಲ್ಲಿ ನರ್ಸ್. ಬಾಗಿಲು ತೆಗೆದು ಒಳಬರುವ ರೋಗಿ ಯಾವ ಕೈ ಮುಂದೆ ಮಾಡುತ್ತಾನೆಂದು ನೋಡುವುದು ಅವಳಿಗೆ ಅಭ್ಯಾಸ. ಒಂದು ಬೆಳಿಗ್ಗೆ ಮಗ ಎಡಗೈಯಲ್ಲಿ ಹಲ್ಲುಜ್ಜುತ್ತಿರುವುದು ಕಂಡಿತು. ಅಂದೇ ಎಳೆದುಕೊಂಡು ಹೋಗಿ ಸ್ಕ್ಯಾನ್ ಮಾಡಿಸಿದಳು. ಬಲ ಹೆಗಲ ಒಳಗೆ ಸ್ನಾಯು ಹರಿದಿತ್ತು. ವಿಶ್ರಾಂತಿ ಕೊಟ್ಟರೆ ಕೂಡಿಕೊಳ್ಳಬಹುದು, ಒಂದು ಸಲ ಬೀಸಿ ಎಸೆದರೆ ಆಪರೇಷನ್ನೇ ಗತಿ, ಆಮೇಲೂ ಕೈ ಪೂರ್ತಿ ಮೇಲೇಳುವ ಭರವಸೆ ಇಲ್ಲ ಎಂದರು ಡಾಕ್ಟರ್.

"ಡ್ಯಾಡಿಗೆ ಹೇಳ್ಬೇಡ ಮಮ್ಮಿ, ಪ್ಲೀಸ್," ಎಂದ ಆನ್ಸನ್ ಕಾರಿನಲ್ಲಿ. "ಅವರು ಬಾಸನ್ನೂ ಫಂಕ್ಷನ್‌ಗೆ ಕರ್ದಿದ್ದಾರೆ. ಅದು ಮುಗೀಲಿ, ನಾನೇ ಹೇಳ್ತೇನೆ. ಪ್ರಾಮಿಸ್ ಮಾಡು."

ಶಾಲು ಹೊದೆಯಲಿಕ್ಕೆ ಕೈ ಎತ್ತಬೇಕಾಗಿಲ್ಲ ಎಂದು ಲೆಕ್ಕ ಹಾಕಿ ಮಗ್ದಲೀನ್ ಮಾತು ಕೊಟ್ಟಳು.

ಮೈದಾನ್ ಹವಲ್ಲಿಯ ಬಾಡಿಗೆ ಸಭಾಂಗಣದಲ್ಲಿ ಬಿರಿಯಾನಿಯ ವಾಸನೆಗೆ ಜನ ಸೇರಿದ್ದರು. ನಿರೂಪಕ ರೋಹಿದಾಸ ಆನ್ಸನ್‌ನ ಪರಿಚಯ ಓದಿದ. ಅದರಲ್ಲಿ ಆನ್ಸನ್ ಬಿಟ್ಟು ಮಿಕ್ಕೆಲ್ಲ ಇತ್ತು: ಗಲ್ಫಿನ ಹುಲಿ, ಕರಾವಳಿಯ ಕಣ್ಮಣಿ, ಅಮೆರಿಕವನ್ನೇ ನಡುಗಿಸಿದ ಕುವರ. ಸಂಘದ ಅಧ್ಯಕ್ಷ ಡೋಲ್ಫಿ ಪೇಟ ಇಟ್ಟ. ಪೇಟ ದೊಡ್ಡದಾಗಿ ಹುಡುಗನ ಹುಬ್ಬಿನ ಮೇಲೆ ಬಂದು ಕೂತಿತು. ಶಾಲು ಬಿತ್ತು, ಬುಟ್ಟಿ ಬಂತು, ಎಲ್ಲರೂ ಕ್ಯಾಮೆರಾ ಕಡೆ ಹಲ್ಲು ಬಿಟ್ಟರು. ಇನ್ನೇನು ಮುಗಿಯಿತು ಎಂದು ಮಗ್ದಲೀನ್ ಉಸಿರು ಬಿಡುವಷ್ಟರಲ್ಲಿ ಕೊನ್ರಾಡ್ ಚೀಲದಿಂದ ಚೆಂಡು ತೆಗೆದು ರೋಹಿದಾಸನ ಕೈಗಿತ್ತು, ಕೋಟಿನ ಗುಂಡಿ ಬಿಚ್ಚುತ್ತ ಸಭಾಂಗಣದ ಆ ತುದಿಗೆ ಓಡಿದ.

"ಸರ್‌ಪ್ರೈಸ್ ಐಟಂ!" ಎಂದ ರೋಹಿದಾಸ. "ಮಗ ಬಿಸಾಡುದು, ಅಪ್ಪ ಹಿಡಿಯುದು! ಜೋರು ಚಪ್ಪಾಳೆ ಮಾರಾಯ್ರೇ!"

"ಯಲ್ಲಾ, ಬಿಸಾಡು ಆನ್ಸೂ!" ಬಿರಿಯಾನಿ ಪಾತ್ರೆಗಳ ಪಕ್ಕ ನಿಂತು ಕೊನ್ರಾಡ್ ಎರಡೂ ಕೈ ಚಾಚಿದ. "ಫುಲ್ ಪವರ್! ಬಾಸ್ ನೋಡ್ತಾ ಇದ್ದಾರೆ!"

ರೋಹಿದಾಸ ಕೊಟ್ಟ ಚೆಂಡನ್ನು ಆನ್ಸನ್ ತಿರುಗಿಸಿ ನೋಡಿದ. ತಾಯಿಯ ಕಡೆ ನೋಡಿ ಸಣ್ಣಗೆ ತಲೆ ಅಲ್ಲಾಡಿಸಿದ: ಸುಮ್ಮನಿರು. ಆಮೇಲೆ ಅವನ ಬಲ ಮೊಣಕೈ ಶಾಲಿನೊಳಗಿಂದ ಹಿಂದಕ್ಕೆ ಸರಿಯಿತು, ಮುಖದ ಬಣ್ಣ ಇಳಿಯಿತು.

ಮಗ್ದಲೀನ್ ಎದ್ದದ್ದೂ, ವೇದಿಕೆಯ ಮೆಟ್ಟಿಲು ಹತ್ತಿದ್ದೂ, ಮಗನ ಕೈಯಿಂದ ಚೆಂಡು ಕಿತ್ತುಕೊಂಡದ್ದೂ ಒಂದೇ ಉಸಿರಿನಲ್ಲಿ. ಮೈಕಿನ ಮುಂದೆ ಮಾತ್ರ ಅವಳು ಮಾತನ್ನು ಒಂದೊಂದಾಗಿ ಇಟ್ಟಳು.

"ಇವನ ಹೆಗಲ ಒಳಗೆ ಹರಿದಿದೆ. ಡಾಕ್ಟರ್ ಎಸೀಬಾರ್ದು ಅಂದಿದ್ದಾರೆ. ಇವ ಎಸೆಯುದಿಲ್ಲ."

ಡೋಲ್ಫಿ ಹತ್ತಿರ ಬಂದು ಪಿಸುಗುಟ್ಟಿದ. "ಮೆಲ್ಲ ಬಿಸಾಡಿದ್ರೆ ಆಗ್ಲಿಕ್ಕಿಲ್ವಾ ಮಗ್ದಲೀನ್ ಬಾಯಿ? ಫೋಟೋಗೆ ಮಾತ್ರ."

"ನೀವೇ ಬಿಸಾಡಿ. ನಿಮ್ಮ ಹೆಗಲು ಗಟ್ಟಿ ಉಂಟಲ್ಲ, ಅಷ್ಟು ಶಾಲು ಹೊತ್ತಿದೆ."

ಮೈಕ್ ಅದನ್ನೂ ಸಭೆಗೆಲ್ಲ ತಲುಪಿಸಿತು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ರೋಹಿದಾಸನೋ, ಯಾವುದಕ್ಕೂ ಎದೆಗುಂದದ ಮನುಷ್ಯ, ಮೇಜಿನ ಮೇಲೆ ಉಳಿದಿದ್ದ ಇನ್ನೊಂದು ಶಾಲು ತೆಗೆದು ಅವಳ ಮೈಮೇಲೆ ಹಾಕಿಯೇ ಬಿಟ್ಟ. "ತಾಯಿಯ ತ್ಯಾಗಕ್ಕೆ ಚಪ್ಪಾಳೆ!" ಜನ ತಟ್ಟಿದರು. ಅವರಿಗೆ ತಟ್ಟಲು ಕಾರಣವೇನೂ ಬೇಕಾಗಿರಲಿಲ್ಲ.

ಕಾರಿನಲ್ಲಿ ಮೊದಲು ಮಾತಾಡಿದ್ದು ಆನ್ಸನ್. "ಯು ಪ್ರಾಮಿಸ್ಡ್, ಮಮ್ಮಿ."

"ಹೌದು," ಎಂದಳು ಮಗ್ದಲೀನ್.

"ನನ್ನ ಮರ್ಯಾದೆ ತೆಗ್ದಿ," ಎಂದ ಕೊನ್ರಾಡ್. ಒಂದು ಸಿಗ್ನಲ್ ದಾಟಿದ ಮೇಲೆ, "ನಿಜವಾಗಿ ಹರಿದಿದೆಯಾ?" ಎಂದ. ಇನ್ನೊಂದು ದಾಟಿದ ಮೇಲೆ ಅವನ ದನಿಯೇ ಬೇರೆಯಾಗಿತ್ತು. "ಇದು ದೊಡ್ಡ ಪ್ಲೇಯರ್‌ಗಳಿಗೇ ಆಗುದು, ಅಲ್ವಾ?"

ಮುಂದಿನ ಶುಕ್ರವಾರ, ಅಲ್ಲಿಯ ವಾರದ ರಜೆಯ ದಿನ, ಪೂಜೆ ಮುಗಿದು ಜನ ಚರ್ಚಿನ ಅಂಗಳಕ್ಕೆ ಬರುವಾಗ ಅವನ ಭಾಷಣ ತಯಾರಾಗಿತ್ತು. "ಅಮೆರಿಕದಲ್ಲಿ ಇಂಥ ಇಂಜುರಿಗೆ ಕೋಟಿಗಟ್ಟಲೆ ಇನ್ಶೂರೆನ್ಸ್ ಉಂಟು," ಎನ್ನುತ್ತ, ಪಟ್ಟಿ ಕಟ್ಟಿದ ಮಗನ ಕೈಯನ್ನು ಡೋಲ್ಫಿಗೆ ತೋರಿಸಲು ಹಿಡಿದೆತ್ತಿದ. ಡೋಲ್ಫಿಯ ಕಣ್ಣು ಆಗಲೇ ಇನ್ನೊಂದು ಸಮಾರಂಭ ಕಾಣುತ್ತಿತ್ತು.

ಆನ್ಸನ್ ಎಡಗೈಯಿಂದ ಅಪ್ಪನ ಕೈ ಬಿಡಿಸಿದ. "ಡ್ಯಾಡಿ, ಖಲಾಸ್. ಮುಟ್ಬೇಡಿ."

ಹುಡುಗ ಜನರ ನಡುವೆ ದಾರಿ ಮಾಡಿಕೊಂಡು ತಾಯಿಯ ಬಳಿ ಬಂದ. ಆ ರಾತ್ರಿಯಿಂದ ಅವಳೊಡನೆ ಮಾತು ಬಿಟ್ಟಿದ್ದ, ಈಗಲೂ ಆಡಲಿಲ್ಲ. ನೂಕುನುಗ್ಗಲಿನಲ್ಲಿ ಯಾರೂ ತಾಗದ ಹಾಗೆ, ಬಲ ಹೆಗಲನ್ನು ಅವಳ ಕಡೆಗೆ ಮಾಡಿ ನಿಂತ. ಮಗ್ದಲೀನ್ ಗೇಟಿನವರೆಗೂ ಆ ಬದಿಯಲ್ಲೇ ನಡೆದಳು.