ಎರಡನೆಯ ಚರಣ

ಮಾಕಳಿದುರ್ಗದ ಬಂಡೆಯ ಮೇಲೆ ಅರ್ಪಿತಳನ್ನು ಕೂರಿಸಿ, ಫೋಟೋಗ್ರಾಫರ್ ಮುನಿರಾಜ್ ಕೆಳಗಿನ ರೈಲು ಹಳಿಯತ್ತ ಕೈ ತೋರಿಸಿದ.

"ಆ ಕಡೆ ನೋಡ್ತಾ ಇರಿ ಮೇಡಂ. ಸರ್ ಬರ್ತಾರೋ ಇಲ್ವೋ ಅನ್ನೋ ಥರ. ಕಣ್ಣಲ್ಲಿ ಸ್ವಲ್ಪ ನೀರಿದ್ರೆ ಇನ್ನೂ ಚೆಂದ."

ಅದು ಮದುವೆಗೆ ಮುಂಚಿನ ವಿಡಿಯೋ. ಮೊಬೈಲಿನಲ್ಲಿ ಹಳೆಯ ಸಿನಿಮಾ ಹಾಡೊಂದು ಬರುತ್ತಿತ್ತು, ನಲ್ಲನ ದಾರಿ ಕಾಯುವ ಹೆಣ್ಣಿನ ಹಾಡು. ಆರಿಸಿದವನು ನಂದೀಶ್, ಅವಳನ್ನು ಮದುವೆಯಾಗಲಿರುವವನು. ಮೊದಲ ಚರಣ ಮುಗಿಯುವಾಗ ಅವನು ಹಿಂದಿನಿಂದ ಬಂದು ಅವಳ ಕಣ್ಣು ಮುಚ್ಚಬೇಕು. ಅಷ್ಟೇ.

ದೊಡ್ಡಬಳ್ಳಾಪುರದ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವ ಅರ್ಪಿತಳಿಗೆ ಕಾಯುವುದನ್ನು ನಟಿಸಬೇಕಾದ ಅಗತ್ಯವಿರಲಿಲ್ಲ. ಕಳೆದ ವರ್ಷ ಮದುವೆಯ ಮಾತುಕತೆ ಮುಗಿದ ಮೇಲೆ ನಂದೀಶನ ಮನೆಯವರು ಸುಮ್ಮನಾಗಿಬಿಟ್ಟಿದ್ದರು. ಅವನು ಫೋನ್ ಎತ್ತಲಿಲ್ಲ. ಆ ತಿಂಗಳುಗಳಲ್ಲಿ ಹೊಸಕೋಟೆ ಕಡೆ ಇನ್ನೊಂದು ಹೆಣ್ಣು ನೋಡಿದ್ದ. ಅದು ಕೂಡಿಬರದಿದ್ದಾಗ ಹಿಂದಿರುಗಿದ್ದ. ಬಂದಿದ್ದಾರಲ್ಲ, ಏನೂ ಕೇಳಬೇಡ ಎಂದಿದ್ದಳು ಅಮ್ಮ. ಅರ್ಪಿತ ಕೇಳಿರಲಿಲ್ಲ.

"ಮುನಿರಾಜ್, ಹಾಡು ಇನ್ನೂ ಇದೆಯಲ್ಲ. ಎರಡನೇ ಚರಣದಲ್ಲಿ ಅವನು ಕಾಯ್ತಾನೆ."

"ಅದನ್ನ ಕಟ್ ಮಾಡಿದೀವಿ ಮೇಡಂ, ಉದ್ದ ಆಗುತ್ತೆ. ಎಲ್ರೂ ಇಷ್ಟೇ ಇಟ್ಕೊಳ್ಳೋದು."

ಎಲ್ಲರೂ ಎಂಬ ಮಾತಿಗೆ ಅವಳ ಮೈ ಉರಿಯಿತು. ಇನ್ನೆಲ್ಲೋ ಅವನೂ ದಾರಿ ನೋಡುತ್ತಿದ್ದಾನೆ ಎಂಬ ನಂಬಿಕೆಯಿಂದಲೇ ಹಾಡಿನ ಹೆಣ್ಣು ಕಾಯುತ್ತಾಳೆ. ಆ ನಂಬಿಕೆ ನಿಜವೆಂದು ಕೇಳುವವರಿಗೆ ತಿಳಿಯುವುದು ಎರಡನೆಯ ಚರಣದಲ್ಲಿ. ಅದನ್ನು ಕಿತ್ತುಹಾಕಿದರೆ ಉಳಿಯುವುದು ಹಂಬಲವಲ್ಲ, ಹೇಳಿದ ಕಡೆ ಕೂತ ಒಬ್ಬ ಹೆಂಗಸು.

"ಅದನ್ನೂ ಶೂಟ್ ಮಾಡಿ. ಇವರು ಕೂತ್ಕೊಳ್ಳಲಿ, ನಾನು ಬರ್ತೀನಿ."

ಬಂಡೆಯ ಹಿಂದೆ ನಿಂತಿದ್ದ ನಂದೀಶ್ ನಕ್ಕ. "ಲೇ ಮುನಿರಾಜ, ನನಗೂ ಒಂದು ಸೀರೆ ತಂದಿದೀಯೇನೋ?"

"ಗಂಡಸರು ಕಾಯಲ್ವಾ?"

"ಹಾಡಿಗೆಲ್ಲ ಅಷ್ಟು ತಲೆ ಕೆಡಿಸ್ಕೋಬೇಡ ಕಣೆ. ನಮ್ಮ ಹುಡುಗರು ನೋಡಿದ್ರೆ ವರ್ಷಪೂರ್ತಿ ರೇಗಿಸ್ತಾರೆ."

"ಹೋದ ವರ್ಷ ನಾನು ಕಾದೆನಲ್ಲ. ಆಗ ನಿಮಗೇನನ್ನಿಸ್ತು?"

ಅವನು ದನಿ ತಗ್ಗಿಸಿದ. "ಅದೆಲ್ಲಾ ಈಗ್ಯಾಕೆ? ಕೊನೆಗೂ ಬಂದ್ನಲ್ಲ, ಅದನ್ನ ನೋಡು."

"ಬೇರೆ ಕಡೆ ಆಗಲಿಲ್ಲ ಅಂತ ಬಂದ್ರಿ. ಆ ತಿಂಗಳುಗಳಲ್ಲಿ ಒಂದಿನ ನಾನು ನೆನಪಾಗಿದ್ರೆ ಹೇಳಿ. ಸುಳ್ಳು ಹೇಳ್ಬೇಡಿ. ಅಷ್ಟು ಸಾಕು ನಂಗೆ."

ಮುನಿರಾಜ್ ಹಾಡು ನಿಲ್ಲಿಸಿ, ಇಲ್ಲದ ಧೂಳನ್ನು ಲೆನ್ಸಿನಿಂದ ಒರೆಸತೊಡಗಿದ. ನಂದೀಶ್ ಯೋಚಿಸಿದ, ನಿಜವಾಗಿಯೂ ಯೋಚಿಸುತ್ತಿದ್ದ, ಅದು ಅವನ ಮುಖದಲ್ಲೇ ಕಾಣುತ್ತಿತ್ತು. ಏನೂ ಸಿಗಲಿಲ್ಲ.

"ಬಿಸಿಲು ಏರ್ತಾ ಇದೆ," ಅಂದ. "ಕೂತ್ಕೋ, ಮುಗಿಸಿಬಿಡಾಣ."

ಅರ್ಪಿತ ಬಂಡೆಯಿಂದ ಇಳಿದು ಚಪ್ಪಲಿ ಮೆಟ್ಟಿದಳು.

"ಈ ಮದುವೆ ಬೇಡ ಅಂತ ನಮ್ಮಪ್ಪಂಗೆ ನಾನೇ ಹೇಳ್ತೀನಿ. ನಿಮ್ಮ ಮನೇಲಿ ನೀವು ಹೇಳಿ."

ಇಳಿಜಾರಿನಲ್ಲಿ ಕಾಲಿಗೆ ತೊಡರದಂತೆ ಸೀರೆಯ ನೆರಿಗೆಯನ್ನು ಎತ್ತಿ ಹಿಡಿದು, ಅವಳು ದುರ್ಗ ಇಳಿಯತೊಡಗಿದಳು.