ಹೇಳದ ಪಿನ್ ನಂಬರ್

ದೇವಿಕಾ ರಾಯದುರ್ಗದ ಹೊಲಿಗೆ ಘಟಕವೊಂದರಲ್ಲಿ ಜೀನ್ಸ್ ಪ್ಯಾಂಟಿಗೆ ಜೇಬು ಹೊಲಿಯುತ್ತಿದ್ದಳು. ಶನಿವಾರ ಅವಳ ಖಾತೆಗೆ ಬಿದ್ದ ಪಗಾರ ಬುಧವಾರಕ್ಕೆ ಖಾಲಿಯಾಗುತ್ತಿತ್ತು. ಖಾತೆ ಅವಳದಾದರೂ ಅದಕ್ಕೆ ಕೊಟ್ಟಿದ್ದ ಮೊಬೈಲ್ ನಂಬರ್ ಗಂಡ ಚೌಡೇಶನದು. ಆಟೊ ಓಡಿಸುವ ಅವನು ಹೋದಲ್ಲೆಲ್ಲ ಫೋನಿನಿಂದ ಸ್ಕ್ಯಾನ್ ಮಾಡಿ ಅವಳ ಖಾತೆಯ ಹಣ ಕೊಡುತ್ತಿದ್ದ.

ಒಂದು ದಿನ ಹಣವಿಲ್ಲದೆ ಬಾಗಿಲಿಗೆ ಬಂದ ಸಿಲಿಂಡರ್ ವಾಪಸ್ಸು ಹೋಯಿತು. ಅವತ್ತು ಅವಳು ಗಂಡನ ಫೋನಿನಲ್ಲಿ ಖರ್ಚಿನ ಪಟ್ಟಿ ತೆಗೆದು ಕೂತಳು. ಚಹಾ, ಸಿಗರೇಟು, ಬಿರಿಯಾನಿ, ಮತ್ತೆ ಚಹಾ. ನಡುನಡುವೆ ಅವಳೇ ಕೇಳಿ ತರಿಸಿಕೊಂಡ ಕಿವಿಯೋಲೆ, ದಿನಾ ಸಂಜೆಯ ಮಿರ್ಚಿ. ಅವಳಿಗೆ ನಾಚಿಕೆಯಾಯಿತು.

ಮರುದಿನವೇ ಬ್ಯಾಂಕಿಗೆ ಹೋಗಿ ಖಾತೆಗೆ ತನ್ನ ನಂಬರ್ ಕೊಟ್ಟಳು, ತನ್ನ ಫೋನಿನಲ್ಲಿ ಹೊಸ ಪಿನ್ ಹಾಕಿಸಿಕೊಂಡಳು. ವಾರಕ್ಕೆ ಬೇಕಾದಷ್ಟನ್ನು ನೋಟಿನಲ್ಲಿ ತಂದಳು. ಮಿರ್ಚಿ ಬಂಡಿಯ ಮುಂದೆ ನೂರರ ನೋಟು ಮುರಿಸಲು ಮನಸ್ಸು ಬರಲಿಲ್ಲ. ಹಾಗೇ ಮನೆಗೆ ನಡೆದಳು. ನಂಬರ್ ಬದಲಿಸಿದ್ದನ್ನು ಚೌಡೇಶನಿಗೂ ಹೇಳಿದಳು. ಅವನು ನಂಬದೆ ನಕ್ಕ.

ಹಳೆಯ ನಂಬರ್ ನಿಲ್ಲಲು ಎರಡು ದಿನ ಹಿಡಿಯಿತು. ಮೂರನೆಯ ದಿನ ಮಧ್ಯಾಹ್ನ, ಗೆಳೆಯರಿಗೆ ಊಟ ಹಾಕಿಸಿದ ಅವನ ಸ್ಕ್ಯಾನ್ ನಡೆಯಲಿಲ್ಲ. ಹೋಟೆಲಿನವನು ಎಲ್ಲರೆದುರು ಆಟೊದ ಕೀಲಿ ಕಿತ್ತಿಟ್ಟುಕೊಂಡ.

ಚೌಡೇಶ ನೇರ ಘಟಕಕ್ಕೆ ನುಗ್ಗಿದ. ಹೆಂಡತಿಯ ಜಡೆ ಹಿಡಿದೆಳೆದು ಹಣೆಯನ್ನು ಮಷೀನಿಗೆ ಅಪ್ಪಳಿಸಿದ. ಅವಳ ಫೋನು ಕಿತ್ತುಕೊಂಡು, ಕೈ ತಿರುಚಿ, ಹೆಬ್ಬೆರಳು ಒತ್ತಿಸಿ ತೆರೆದ.

"ಲೇ, ಪಿನ್ ಹೇಳ!"

"ಹೇಳಂಗಿಲ್ರಿ."

ಅವನು ಅವಳ ಕಿರುಬೆರಳನ್ನು ಹಿಂದಕ್ಕೆ ಮಡಿಸಿದ. ಲಟಕ್ಕೆಂದಿತು. ಅವಳ ಚೀರಾಟಕ್ಕೆ ಮಷೀನುಗಳೆಲ್ಲ ನಿಂತವು.

"ಮನಿ ಜಗಳ ಮನ್ಯಾಗ ಮಾಡ್ಕೊಳ್ರೋ!" ಎಂದು ಮಾಲೀಕ ತಿಪ್ಪೇರುದ್ರಪ್ಪ ಬಾಗಿಲಲ್ಲೇ ನಿಂತು ಕೂಗಿದ. ಒಳಗೆ ಬರಲಿಲ್ಲ.

ಚೌಡೇಶ ಅವಳನ್ನು ಇಸ್ತ್ರಿ ಮೇಜಿನವರೆಗೆ ಎಳೆದುಕೊಂಡು ಹೋಗಿ, ಕಾದ ಪೆಟ್ಟಿಗೆಯನ್ನು ಅಂಗೈ ಮೇಲೆ ಊರಿದ. ಚರ್ಮ ಸುಟ್ಟ ವಾಸನೆ ಬಂತು.

"ಈಗ ಹೇಳ್ತೀಯೋ ಇಲ್ಲೋ?"

"ಕೊಲ್ಲು. ಹೇಳಂಗಿಲ್ಲ."

ಮದುವೆಯಾದಾಗಿನಿಂದ ಅವಳು ಅವನನ್ನು ಏಕವಚನದಲ್ಲಿ ಕರೆದದ್ದು ಅದೇ ಮೊದಲು. ಅವನು ಪೆಟ್ಟಿಗೆಯನ್ನು ಅವಳ ಮುಖಕ್ಕೆ ಎತ್ತಿದ.

ದಾರ ಕತ್ತರಿಸುವ ಮುದುಕಿ ಬಾಲಮ್ಮ ಬಟ್ಟೆ ಕತ್ತರಿ ಹಿಡಿದು ಎದ್ದಳು. ಹಿಂದಿನಿಂದ ಅವನ ತೊಡೆಗೆ ಹಿಡಿಕೆಯವರೆಗೆ ಚುಚ್ಚಿದಳು. ಅವನು ಪ್ಯಾಂಟುಗಳ ರಾಶಿಯ ಮೇಲೆ ಬಿದ್ದ. ರಕ್ತ ಚಿಮ್ಮಿತು.

"ಮಾಲು ಹಾಳಾತಲ್ಲೋ!" ಎನ್ನುತ್ತ ಆಗ ತಿಪ್ಪೇರುದ್ರಪ್ಪ ಓಡಿಬಂದ.

ಸರ್ಕಾರಿ ಆಸ್ಪತ್ರೆಯಲ್ಲಿ ಇಬ್ಬರನ್ನೂ ಒಂದೇ ಕೋಣೆಯಲ್ಲಿ ಮಲಗಿಸಿದರು. ತೊಡೆಗೆ ಹೊಲಿಗೆ ಬಿದ್ದ ಮೇಲೆ ಚೌಡೇಶ ಮೆಲ್ಲಗೆ ಕರೆದ. "ದೇವಿಕಾ, ಹೋಟ್ಲವಗ ಒಂದೆಂಟುನೂರು ಹಾಕಿಬಿಡ. ಆಟೊ ಅಲ್ಲೇ ನಿಂತೈತಿ."

ಅವಳು ಹೇಳಿಕೆ ಬರೆದುಕೊಳ್ಳಲು ಬಂದಿದ್ದ ಪೊಲೀಸಿನವನ ಕಡೆ ತಿರುಗಿದಳು. "ಬರ್ಕೊಳ್ರಿ ಸಾರ್. ಬಾಲಮ್ಮ ಇಲ್ಲದಿದ್ರ ನನ್ನ ಮುಖ ಉಳೀತಿರಲಿಲ್ಲ."

ಆದರೂ ಚೌಡೇಶನ ಜೊತೆಗೆ ಬಾಲಮ್ಮನ ಮೇಲೂ ಕೇಸಾಗಿ ಅವಳನ್ನು ಜೈಲಿಗೆ ಹಾಕಿದರು. ದೇವಿಕಾ ಕಿವಿಯೋಲೆ, ಕಾಲುಂಗುರ ಮಾರಿ ವಕೀಲರನ್ನು ಹಿಡಿದಳು. ಜಾಮೀನು ಸಿಕ್ಕ ದಿನ ಮುದುಕಿ ಬೈದಳು: "ನನ್ನ ಸಲವಾಗಿ ಯಾಕ ಇಷ್ಟೊಂದು ಖರ್ಚು ಮಾಡೀದಿ?"

"ಹಸಿವಾಗೈತಿ, ಮೊದ್ಲು ಮನಿಗೆ ನಡಿ ಅಮ್ಮ," ಎಂದಳು ದೇವಿಕಾ.

ಅಂದಿನಿಂದ ದೇವಿಕಾ, ಬಾಲಮ್ಮ ಇಬ್ಬರೂ ಒಟ್ಟಿಗೆ ಇದ್ದಾರೆ. ದೇವಿಕಾಳ ಕಿರುಬೆರಳನ್ನು ಈಗಲೂ ಮಡಚಲು ಬರುವುದಿಲ್ಲ.