ಏಪ್ರಿಲ್ 2006ರ ಒಂಬತ್ತನೇ ಪ್ರಶ್ನೆ

ಕೆಮಿಸ್ಟ್ರಿ ಹೇಳುವ ಸರ್ ದಸರೆಗೆ ಮುಂಚೆ ಕಾಯಿಲೆ ಬಿದ್ದರು. ಆಮೇಲೆ ಕಾಲೇಜಿಗೆ ಬರಲಿಲ್ಲ. ಅವರ ಬದಲು ಬೇರೆ ಯಾರೂ ಬರಲಿಲ್ಲ. ನನ್ನ ಮಗಳು ಸಂಘಮಿತ್ರಾ ದಿನಾ ಬೆಳಿಗ್ಗೆ ನಮ್ಮೂರು ವಾಡಿಯಲ್ಲಿ ಪ್ಯಾಸೆಂಜರ್ ಗಾಡಿ ಹತ್ತಿ ಹೋಗುತ್ತಿದ್ದಳು, ಒಂದು ತಾಸು ಖಾಲಿ ಕುರ್ಚಿ ನೋಡಿ ಬರುತ್ತಿದ್ದಳು. ನಮ್ಮ ಕಡೆ ಓದುವ ಮಕ್ಕಳಿರುವ ಮನೆಗಳಿಗೆ ಇದು ಹೊಸದಲ್ಲ.

ಅವಳದು ಬಿ.ಎಸ್ಸಿ. ಕೊನೆಯ ವರ್ಷ. ಹಿಂದಿನ ಸಲ ಕೆಮಿಸ್ಟ್ರಿಯಲ್ಲಿ ನಪಾಸಾಗಿದ್ದಳು. ಅವಳಪ್ಪ ದಶರಥ ಕಲ್ಲು ಪಾಲಿಶ್ ಮಾಡುವವರು, ಮಾತು ಕಡಿಮೆ. ಅವರು ಹೇಳಿದ್ದು ಇಷ್ಟೇ: "ಇದೊಂದು ಸಲ ನೋಡ್ತೀನಿ. ಮತ್ತ ಹೋಯ್ತಂದ್ರ ತೆಂಗಳಿ ಮಂದಿಗಿ ಹೂಂ ಅಂತೀನಿ." ತೆಂಗಳಿ ಎಂಬ ಊರಿನಿಂದ ಮದುವೆಗೆ ಅವಳನ್ನು ಕೇಳಿಕೊಂಡು ಬಂದಿದ್ದರು. ಪರೀಕ್ಷೆ ಏಪ್ರಿಲ್‌ನಲ್ಲಿ. ಇದು 2008ರ ಮಾತು.

ಸ್ಟೇಷನ್ ರಸ್ತೆಯಲ್ಲಿ ಇಂಟರ್ನೆಟ್ ಅಂಗಡಿ ಇದೆ. ಅಲ್ಲಿ ಆರ್ಕುಟ್ ಅಂತ ಒಂದು ಜಾಗ ತೆರೆಯುತ್ತಾರೆ. ಒಬ್ಬರು ಬರೆದದ್ದನ್ನು ಬೇರೆ ಊರಿನವರೂ ಓದಬಹುದು, ಜವಾಬು ಬರೆಯಬಹುದು. ಹುಡುಗರು ಅದರಲ್ಲಿ ಫೋಟೋ ಹಾಕುತ್ತಾರೆ, ಹರಟೆ ಹೊಡೆಯುತ್ತಾರೆ. ಆದರೆ ಸೇಡಂ, ಚಿಂಚೋಳಿ, ಚಿತ್ತಾಪುರದ ಬಿ.ಎಸ್ಸಿ. ಮಕ್ಕಳು ಸೇರಿದ ಒಂದು ಓದುವ ಗುಂಪೂ ಅಲ್ಲಿತ್ತು. ಅದರಲ್ಲಿ ನೂರಜಹಾನ್ ಎಂಬ ಹೆಸರಿತ್ತು. ಹಳೆಯ ಪ್ರಶ್ನೆಪತ್ರಿಕೆಯ ವರ್ಷ ಮತ್ತು ಪ್ರಶ್ನೆಯ ನಂಬರು ಬರೆದರೆ ನಾಲ್ಕೈದು ದಿನದಲ್ಲಿ ಆಕೆಯ ಉತ್ತರ ಬರುತ್ತಿತ್ತು. ಟೈಪು ಮಾಡಿದ್ದಲ್ಲ. ಗೆರೆ ಕಾಗದದ ಮೇಲೆ ಕೈಯಲ್ಲಿ ಬರೆದ ಪುಟದ ಫೋಟೋ, ನೀಲಿ ಮಸಿ, ದುಂಡು ಅಕ್ಷರ. ಸಂಘಮಿತ್ರಾ ಅದನ್ನು ಅಂಗಡಿಯಲ್ಲೇ ಪ್ರಿಂಟು ತೆಗೆಸಿ ಮನೆಗೆ ತರುತ್ತಿದ್ದಳು.

ಒಂದು ಆಯಿತ್ವಾರ, ಕಾಲೇಜಿಗೆ ರಜೆ, ಮಗಳ ಜೊತೆ ನಾನೂ ಹೋಗಿ ಕೂತೆ.

"ಯಾರಕಿ?" ಎಂದೆ.

"ಗೊತ್ತಿಲ್ಲವ್ವ. ಕೇಳಿದ್ರ ಹೇಳಂಗಿಲ್ಲ."

"ಹೆಂಗಿದ್ದೀರಿ ಅಂತರ ಕೇಳು. ನಿನಗಿಷ್ಟು ಹೇಳಿಕೊಡಾಕತ್ತಾಳ."

"ಕೇಳೀನಿ, ಮೂರು ಸಲ. ಅದಕ್ಕ ಜವಾಬಿಲ್ಲ. ನಂಬರ್ ಬರೆದ್ರ ಅಷ್ಟೇ ಬರ್ತದ."

ಬೇರೆಯವರ ಹೆಸರಿನ ಪಕ್ಕ ನಗುವ ಫೋಟೋಗಳಿದ್ದವು. ನೂರಜಹಾನ್ ಪಕ್ಕ ಬರೀ ಬೂದು ಬಣ್ಣದ ತಲೆ. ಕಣ್ಣಿಲ್ಲ, ಬಾಯಿಲ್ಲ. ನಾನು ಸರಿದು ಕೂತರೂ ಅದು ನನ್ನ ಕಡೆಗೇ ತಿರುಗಿದಂತೆ ಅನಿಸಿತು.

ಮುಂದಿನ ವಾರ ಸಂಘಮಿತ್ರಾ ಏಪ್ರಿಲ್ 2006ರ ಒಂಬತ್ತನೇ ಪ್ರಶ್ನೆ ಕೇಳಿದಳು. ಪುಟ ಬಂತು, ಅರ್ಧವೇ. ಒಂದು ಸಾಲಿನ ನಡುವೆ ಬರಹ ನಿಂತುಹೋಗಿತ್ತು. ಪೆನ್ನು ಜಾರಿದ ಗೆರೆ ಕಾಗದದ ಕೆಳಗಿನವರೆಗೆ ಇಳಿದಿತ್ತು. ಆಮೇಲೆ ಅವಳು 2007ರ ಪ್ರಶ್ನೆ ಕೇಳಿದಳು. ಏನೂ ಬರಲಿಲ್ಲ. ಗುಂಪಿನಲ್ಲಿ ವಿಚಾರಿಸಿದರೆ, ಆ ಅರ್ಧ ಪುಟದಿಂದ ಮುಂದಿನ ಉತ್ತರ ಯಾರಿಗೂ ಸಿಕ್ಕಿರಲಿಲ್ಲ.

ಪಕ್ಕದ ಮನೆ ಲೀಲಾಬಾಯಿ ಹೆಪ್ಪಿಗೆ ಮೊಸರು ಕೇಳಲು ಬಂದವರು, ಚಾಪೆಯ ಮೇಲಿದ್ದ ಆ ಹಾಳೆ ಎತ್ತಿಕೊಂಡರು. ಬಟ್ಟಲು ಅಲ್ಲೇ ಕೆಳಗಿಟ್ಟರು.

"ಇದೆಲ್ಲಿಂದ ಬಂತ್ರೀ ದ್ರೌಪದಿಬಾಯಿ?"

"ಇಂಟರ್ನೆಟ್‌ದಾಗ ನೂರಜಹಾನ್ ಅಂತ ಒಬ್ಬಾಕಿ ಕಳಿಸ್ತಾಳ."

"ಯಾವಾಗ ಕಳಿಸ್ಯಾಳ?"

"ಮೊನ್ನಿ."

ಲೀಲಾಬಾಯಿ ಹಾಳೆಯನ್ನು ಮಗುಚಿ ಇಟ್ಟರು. "ನಮ್ಮ ಮಗಳು ಧನಶ್ರೀಗಿ ಶಹಾಬಾದದಾಗ ಟ್ಯೂಷನ್ ಹೇಳ್ತಿದ್ದಾಕಿ ಅಕಿನೇ. ಇದು ಅಕಿ ಕೈಬರಹ, ನಮ್ಮ ಮನ್ಯಾಗ ಒಂದು ಟ್ರಂಕ್ ತುಂಬ ಅದ. ಅಕಿ ಕಾಮಾಲಿ ಆಗಿ ತೀರಿಕೊಂಡಾಳ್ರಿ. 2006, ಜೂನ್ ತಿಂಗಳು. ನಾನೇ ಹೋಗಿ ಅವರ ತಾಯಿಗಿ ಮಾತಾಡಿಸಿ ಬಂದೀನಿ."

ಸಂಘಮಿತ್ರಾ ಮೆಲ್ಲಗೆ ಅಂದಳು: "ಅದಕ್ಕೇ 2007ರದು ಅಕಿಗಿ ಗೊತ್ತಿಲ್ಲ."

ನಾನು ಒಲೆಯ ಮುಂದಿನಿಂದ ಎದ್ದು ಉಳಿದ ಹಾಳೆಗಳನ್ನೂ ಮಗುಚಿ ಇಟ್ಟೆ.

ಸಂಜೆ ಕೆಲಸದಿಂದ ಬಂದ ಇವರಿಗೆ, ಸಂಘಮಿತ್ರಾಳ ಅಪ್ಪನಿಗೆ, ವಿಷಯ ತಿಳಿಯಿತು. ಕೂದಲಿನ ಕಲ್ಲಿನ ಪುಡಿ ಸಹ ಕೊಡವಿಕೊಳ್ಳದೆ ಹೊಸ್ತಿಲ ಮೇಲೆ ಕೂತರು. "ಬದುಕಿದ್ದವರು ಸಿಗಲಿಲ್ಲಂತ ಸತ್ತಾಕಿ ಹಂತ್ಯಾಕ ಟ್ಯೂಷನ್ ಹೊಂಟೀಯೇನು? ನಾಳಿಂದ ಅಂಗಡಿ ಬಂದ್." ಪರೀಕ್ಷೆಗೆ ಆರು ವಾರ ಉಳಿದಿತ್ತು.

ಮರುದಿನ ಹಾಳೆಗಳನ್ನೆಲ್ಲ ಹಿಡಿದುಕೊಂಡು ನಾನು ಮಗಳ ಜೊತೆ ಅವಳ ಕಾಲೇಜಿಗೆ ಹೋದೆ. ಲೈಬ್ರರಿ ನೋಡಿಕೊಳ್ಳುವ ಪ್ರಮಿತಾ ಮೇಡಂ ಪೂರ್ತಿ ಕೇಳಿಸಿಕೊಂಡರು. ನಗಲಿಲ್ಲ.

"ಮನುಷ್ಯ ಹೋದ್ರೂ ಇಂಟರ್ನೆಟ್‌ದಾಗ ಅವರ ಖಾತೆ ತಾನಾಗೇ ಮುಚ್ಚಂಗಿಲ್ರಿ. ಪಾಸ್‌ವರ್ಡ್ ಗೊತ್ತಿದ್ದೋರು ಯಾರರೆ ತೆರೀಬಹುದು. ಯಾರೋ ತೆರೀಲಿಕತ್ತಾರ. ಅದು ಯಾರಂತ ತಿಳಿಯೋತನಕ ಮನಿ ವಿಳಾಸ, ಫೋನ್ ನಂಬರ್, ಫೋಟೋ ಏನೂ ಕೊಡಬ್ಯಾಡ ಸಂಘಮಿತ್ರಾ. ಕೊಟ್ಟೀಯೇನು?"

"ಇಲ್ಲ ಮೇಡಂ. ಹೆಸರಷ್ಟೇ."

"ಶಾಣ್ಯಾಕಿ. ಈಗ ಪುಸ್ತಕ ತಗಿ. ಸತ್ತವರು ಬರೀಲಿ, ಇದ್ದವರು ಬರೀಲಿ, ಉತ್ತರ ಪುಸ್ತಕದ ಜೋಡಿ ಕೂಡಬೇಕು."

ಇಬ್ಬರೂ ಒಂದೊಂದೇ ಪುಟವನ್ನು ಪುಸ್ತಕದ ಜೊತೆ ತಾಳೆ ಹಾಕಿ ನೋಡಿದರು. ಹನ್ನೊಂದರಲ್ಲಿ ಹತ್ತು ಸರಿ. ಒಂದರಲ್ಲಿ ಸಮೀಕರಣ ಉಲ್ಟಾ ಇತ್ತು. ಸಂಘಮಿತ್ರಾ ಅದನ್ನೇ ಬಾಯಿಪಾಠ ಮಾಡಿದ್ದಳು.

"ಇನ್ನ ಅಕಿ ಮನಿಗಿ ಹೋಗಿ ಬರ್ರಿ," ಎಂದರು ಮೇಡಂ. "ಮಗಳೊಬ್ಬಾಕಿನ್ನ ಕಳಿಸಬ್ಯಾಡ್ರಿ. ಮೂವರೂ ಹೋಗ್ರಿ."

ಇವರು ಜಗಳ ಮಾಡಲೆಂದೇ ಹೊರಟರು. ಲೀಲಾಬಾಯಿ ಗುರುತು ಹೇಳಿದ್ದರು. ಶಹಾಬಾದದಲ್ಲಿ ಒಂದು ಕಲ್ಲುಹಾಸಿನ ಮನೆ, ಬಾಗಿಲಿಗೆ ಚಿಲಕವಿಲ್ಲ, ಬರೀ ಮುಂದೆ ಮಾಡಿತ್ತು. ನಡು ಮಧ್ಯಾಹ್ನ, ಓಣಿಯಲ್ಲಿ ಒಂದು ನಾಯಿಯೂ ಇಲ್ಲ. ಬಾಗಿಲು ಬಡಿಯಲು ಇವರು ಕೈ ಎತ್ತಿದಾಗ ಒಳಗಿನಿಂದ ಹೆಣ್ಣು ದನಿ ಕೇಳಿತು, ಒಂದೇ ಸಮನೆ, ಜಪದ ಹಾಗೆ: "ಎರಡು ಸಾವಿರದ ಮೂರು... ಏಳು. ಎರಡು ಸಾವಿರದ ಮೂರು... ಎಂಟು."

ಎತ್ತಿದ ಕೈ ಹಾಗೇ ನಿಂತಿತು. ಬಾಗಿಲು ತಳ್ಳಿದ್ದು ನಾನು.

ನೆಲದ ಮೇಲೆ ನೋಟಬುಕ್ಕುಗಳನ್ನು ಹರಡಿಕೊಂಡು ಒಬ್ಬ ವಯಸ್ಸಾದ ಹೆಂಗಸು ಕೂತಿದ್ದರು. ಬೆರಳು ಒಂದು ಅಂಕಿಯ ಮೇಲಿತ್ತು. ನೂರಜಹಾನ್ ತಾಯಿ, ಚಾಂದಬೀ.

ಸಂಘಮಿತ್ರಾ ತನ್ನ ಹೆಸರು ಹೇಳಿದಳು. ಆಕೆ ಅಂಕಿಯ ಮೇಲಿನ ಬೆರಳು ಎತ್ತಿದರು. "ನೀನೇನು? ನಿನ್ನ ಚೀಟಿ ಭಾಳ ಬರ್ತಾವ. ಬರ್ರಿ, ಕುಂದ್ರಿ."

ಚಾಂದಬೀ ಹೇಳಿದ್ದು ಇಷ್ಟು. ಪಾಸ್‌ವರ್ಡ್ ಮಗಳ ನೋಟಬುಕ್ಕಿನ ರಟ್ಟಿನ ಮೇಲೇ ಇತ್ತು. ಒಂದು ದಿನ ಶಹಾಬಾದದ ಇಂಟರ್ನೆಟ್ ಅಂಗಡಿಯವನು ಬಂದು, ಮಕ್ಕಳು ನೂರಜಹಾನ್ ಹೆಸರು ಹಿಡಿದು ಇನ್ನೂ ಪ್ರಶ್ನೆ ಕೇಳುತ್ತಿದ್ದಾರೆ ಎಂದ. ಅಂದಿನಿಂದ ಕೇಳಿದವರು ಯಾರೆಂದು ಅವನ ಬಾಯಲ್ಲಿ ತಿಳಿದು, ವರ್ಷ ಮತ್ತು ನಂಬರನ್ನಷ್ಟೇ ಚೀಟಿಯಲ್ಲಿ ಬರೆಸಿಕೊಂಡು ಬರುತ್ತಾರೆ. ಪುಟ ಹುಡುಕಿ ಒಯ್ದು ಕೊಡುತ್ತಾರೆ. ಅವನು ಯಂತ್ರದಲ್ಲಿ ಅದರ ಫೋಟೋ ತೆಗೆದು, ಆ ಪಾಸ್‌ವರ್ಡ್ ಹಾಕಿ ಏರಿಸುತ್ತಾನೆ. ಏಪ್ರಿಲ್ 2006ರ ಒಂಬತ್ತನೆಯದು ಮಗಳು ಕೊನೆಗೆ ಬರೆದದ್ದು, ಅದರ ಮುಂದೆ ಪುಟವಿಲ್ಲ.

"ನನಗ ಇಂಗ್ಲಿಷ್ ಬರಲ್ಲ ಬೇಟಾ. ಅಂಕಿ ಬರ್ತಾವ. ನೀ ನಂಬರ್ ಬಿಟ್ಟು ಇನ್ನೇನರೆ ಬರೀತಿದ್ದೇನು?"

"ಹೆಂಗಿದ್ದೀರಿ ಅಂತ ಕೇಳ್ತಿದ್ದೆ."

ಚಾಂದಬೀ ಸೆರಗಿನಿಂದ ನೋಟಬುಕ್ಕಿನ ಮೇಲಿನ ಧೂಳು ಒರೆಸಿದರು.

ಇವರು ಕೇಳಿದರು: "ಸತ್ತ ಮಗಳ ಹೆಸರಿಲೆ ಹಿಂಗ ಮಾಡೋದು... ನೋಡಿದ ಮಂದಿ ಅಂಜ್ತಾರ, ಅಂತ ಅನಸಲಿಲ್ಲೇನ್ರಿ?"

"ಮಗಳಿಗಿ ಹೆಸರ್ ಹಿಡದು ಕರೀಲಿಕತ್ತಾರ," ಅಂದರು ಚಾಂದಬೀ. "ಮನ್ಯಾಗ ಯಾರರೆ ಒಬ್ಬರು ಓ ಅನಬೇಕಲ್ರಿ."

ಇವರು ನೆಲದ ಮೇಲೆ ಹರಡಿದ್ದ ನೋಟಬುಕ್ಕುಗಳನ್ನು ಒಂದೊಂದಾಗಿ ಜೋಡಿಸತೊಡಗಿದರು.

ಉಲ್ಟಾ ಸಮೀಕರಣದ ಪುಟವನ್ನು ಸಂಘಮಿತ್ರಾ ಹೆದರುತ್ತ ತೋರಿಸಿದಳು. ಚಾಂದಬೀಗೆ ಬೇಸರವಾಗಲಿಲ್ಲ. "ತಪ್ಪಿದ್ರ ಪಕ್ಕದಾಗ ಸರಿ ಬರಿ. ಕೆಳಗ ನಿನ್ನ ಹೆಸರ್ ಹಾಕು. ಅಕಿದು ಅಳಿಸಬ್ಯಾಡ." ಅದೇ ವಾರ ಅಂಗಡಿಯವನಿಂದ ಗುಂಪಿನಲ್ಲಿ ಬರೆಸಿದರು: ನೂರಜಹಾನ್ ಈಗ ಇಲ್ಲ, ಪುಟಗಳು ಅವಳವು, ಕಳಿಸುವುದು ತಾಯಿ ಚಾಂದಬೀ.

ಅವತ್ತು ತಿರುಗಿ ಬರುವಾಗ ಬಸ್ಸಿನಲ್ಲಿ ಇವರು ಕಿಟಕಿಯಾಚೆ ನೋಡುತ್ತಲೇ ಅಂದರು: "ಬರೋ ಆಯಿತ್ವಾರ ಅಂಗಡಿಗಿ ನಾನೂ ಬರ್ತೀನಿ. ತೆಂಗಳಿ ಮಂದಿಗಿ ಆಗಂಗಿಲ್ಲಂತ ಹೇಳ್ತೀನಿ."

"ಫೇಲಾದ್ರ?" ಎಂದಳು ಮಗಳು.

"ಫೇಲಾದ್ರ ಮತ್ತ ಪರೀಕ್ಷಾಕ ಕೂಡು."

2007ರ ಪತ್ರಿಕೆಯನ್ನು ಸಂಘಮಿತ್ರಾ ಪುಸ್ತಕ ನೋಡಿ ತಾನೇ ಬಿಡಿಸಿದಳು. ಮೇಡಂಗೆ ತೋರಿಸಿ ಗುಂಪಿಗೆ ಹಾಕಿದಳು. ಚಿಂಚೋಳಿಯ ಒಬ್ಬ ಹುಡುಗ ಅದರಲ್ಲಿ ಎರಡು ತಪ್ಪು ಹುಡುಕಿ ಕೊಟ್ಟ. ಬೇರೆಯವರಿಗೆ ಹೇಳಿಕೊಡುತ್ತ ಅವಳಿಗೇ ಪಾಠ ತಿಳಿಯಿತು. ಆ ಬೇಸಿಗೆ ಕೆಮಿಸ್ಟ್ರಿ ಪಾಸಾದಳು.

ಅಕ್ಕಂದಿರೇ, ನಿಮ್ಮ ಮಗಳೂ ಇಂಟರ್ನೆಟ್ ಅಂಗಡಿಗೆ ಹೋಗುತ್ತಿದ್ದರೆ ಹೆದರಿ ಬಾಗಿಲು ಹಾಕಬೇಡಿ. ಒಂದು ದಿನ ಕೆಲಸ ಬದಿಗಿಟ್ಟು ಪಕ್ಕದಲ್ಲಿ ಕೂತುಕೊಳ್ಳಿ. ನಿಮಗೆ ಓದಲು ಬರದಿದ್ದರೂ ಅಡ್ಡಿಯಿಲ್ಲ, ಇದು ಯಾರು ಎಂದು ಕೇಳಲು ಬರುತ್ತದಲ್ಲ. ಓದುವ ಗುಂಪು ಯಾವುದು, ಹರಟೆಯದು ಯಾವುದು ಎಂದು ಕೇಳಿ. ಮನೆಯ ವಿಳಾಸ ಕೊಡಬೇಡ, ಪಾಸ್‌ವರ್ಡ್ ರಟ್ಟಿನ ಮೇಲೆ ಬರೆದಿಡಬೇಡ ಎಂದು ಹೇಳಿ. ಯಾರನ್ನಾದರೂ ಕಾಣಲು ಹೊರಟರೆ ಒಬ್ಬಳನ್ನೇ ಬಿಡಬೇಡಿ. ಬಂದ ಉತ್ತರವನ್ನು ಪುಸ್ತಕದ ಜೊತೆ ತಾಳೆ ಹಾಕಿ ನೋಡು ಎನ್ನಿ. ಮತ್ತೆ ಓದುವ ಮಕ್ಕಳೇ, ಬರೀ ತೆಗೆದುಕೊಳ್ಳಬೇಡಿ, ನಿಮಗೆ ತಿಳಿದದ್ದನ್ನು ಬರೆದು ಹಾಕಿ. ಎಲ್ಲೋ ಒಂದು ಊರಿನಲ್ಲಿ, ಮಾಸ್ತರರಿಲ್ಲದ ತರಗತಿಯಿಂದ ಎದ್ದು ಬಂದ ಒಬ್ಬಳು ನಿಮ್ಮ ಉತ್ತರಕ್ಕೆ ಕಾಯುತ್ತಿರುತ್ತಾಳೆ.